ರೊಟ್ಟಿ ಮಾರುವ ಮಗಳಿಗೆ ದೊಡ್ಡವ್ವನ ಪತ್ರ

ಬ್ರಹ್ಮಪುರ, ಕಲಬುರಗಿ

ಚಿ. ಸೌ. ಮಗಳಿಗೆ ನಿನ್ನ ದೊಡ್ಡವ್ವ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನಿಮ್ಮ ದೊಡ್ಡಪ್ಪನ ಮೊಣಕಾಲು ನೋವು ಸ್ವಲ್ಪ ಇಳಿದಿದೆ. ಮೊನ್ನೆ ಫೋನಿನಲ್ಲಿ ನಿನ್ನ ಮೇಲೆ ದನಿ ಏರಿಸಿಬಿಟ್ಟೆ. ಅಂಜಿಕೆಗೆ ಹಾಗಾಯಿತು. ಅಂಜಿದ್ದು ಯಾಕೆ ಅಂತ ಆಗ ಬಿಡಿಸಿ ಹೇಳಲು ಬರಲಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಗಿರಾಕಿ, ಪುಣೆಯ ಆ ತಾಯಿ ವಾಟ್ಸಾಪಿನಲ್ಲಿ ಕೇಳಿದ್ದು ಒಂದೇ ಮಾತು. "ಗುರೆಳ್ಳು ಚಟ್ನಿಯಲ್ಲಿ ಶೇಂಗಾ ಇದೆಯೇ? ನನ್ನ ಮಗನಿಗೆ ಶೇಂಗಾ ಆಗಿಬರುವುದಿಲ್ಲ." ಗಿರಾಕಿಗಳಿಗೆ ಉತ್ತರ ಕೊಡಲೆಂದು ನೀನು ಹಚ್ಚಿಟ್ಟ ಎಐ ಕಣ್ಣು ಮುಚ್ಚಿ ತೆರೆಯುವುದರೊಳಗೆ ಉತ್ತರ ಕೊಟ್ಟಿತು: ಖಂಡಿತ ಇಲ್ಲ, ನಿಶ್ಚಿಂತೆಯಿಂದ ಸವಿಯಿರಿ. ನೀನು ಅದಕ್ಕೆ ಕೊಟ್ಟ ಸಾಮಾನಿನ ಪಟ್ಟಿಯಲ್ಲಿ ಶೇಂಗಾ ಇಲ್ಲ, ಖರೆ. ಆದರೆ ಬೆಳಗ್ಗೆ ಶೇಂಗಾ ಪುಡಿ ಮಾಡಿದ ಮಿಕ್ಸರ್ ಭಾಂಡೆಯನ್ನೇ ಒಣ ಬಟ್ಟೆಯಿಂದ ಒರೆಸಿ ಮಧ್ಯಾಹ್ನ ಗುರೆಳ್ಳು ಹಾಕುತ್ತೇವಲ್ಲ! ಮುಚ್ಚಳದ ರಬ್ಬರ್ ಎಬ್ಬಿಸಿ ನೋಡು, ಶೇಂಗಾ ಹಿಟ್ಟು ಜಿಡ್ಡಾಗಿ ಬೆರಳಿಗೆ ಹತ್ತುತ್ತದೆ. ಅದು ನನಗೆ ಗೊತ್ತು, ನಿನಗೆ ಗೊತ್ತು, ಪುಡಿ ಮಾಡುವ ಹೆಣ್ಣುಮಗಳಿಗೆ ಗೊತ್ತು. ಪಟ್ಟಿಗೆ ಹೇಗೆ ಗೊತ್ತಾಗಬೇಕು? ಶೇಂಗಾ ಒಗ್ಗದ ಕೆಲವು ಮಕ್ಕಳಿಗೆ ಒಂದು ಚಿಟಿಕೆ ಸಾಕು, ಉಸಿರು ಕಟ್ಟುತ್ತದೆ. ಆ ತಾಯಿಗೆ ಯಾಕೋ ಸಮಾಧಾನವಾಗದೆ ನನಗೆ ಫೋನ್ ಮಾಡಿದಳು, ಉಳಿದೆವು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ ಮಗಳೇ.

ಆ ಎಐ ಕಲಿತದ್ದು ರಾಶಿಗಟ್ಟಲೆ ಬರಹ ಓದಿ, ಒಂದು ಶಬ್ದದ ಮುಂದೆ ಯಾವ ಶಬ್ದ ಬಂದರೆ ಹೊಂದುತ್ತದೆ ಅನ್ನುವ ಲೆಕ್ಕವನ್ನು. ಹಾಗಾಗಿ ತಿಳಿದದ್ದನ್ನೂ ತಿಳಿಯದ್ದನ್ನೂ ಎಷ್ಟೋ ಸಲ ಒಂದೇ ಧೈರ್ಯದಲ್ಲಿ ಹೇಳುತ್ತದೆ. ನಮ್ಮ ಪಾರ್ಸೆಲ್ ಕಟ್ಟುವ ಹುಡುಗ ತಿಳಿಯದಿದ್ದರೆ ತಲೆ ಕೆರೆದುಕೊಂಡು "ತಡೀರಿ, ಅಕ್ಕೋರನ್ನ ಕೇಳ್ತೀನಿ" ಅನ್ನುತ್ತಾನೆ. ಅವನ ಆ ತಡವರಿಕೆ ನಮ್ಮನ್ನು ಎಷ್ಟು ಸಲ ಕಾಪಾಡಿದೆಯೋ.

"ಎಐ ಹೇಳಿದ್ದು, ನಾನೇನು ಮಾಡಲಿ" ಅಂದೆಯಲ್ಲ, ಆ ಮಾತು ಎಲ್ಲೂ ನಡೆಯುವುದಿಲ್ಲ. ಕೆನಡಾದ ಸುದ್ದಿಯೊಂದನ್ನು ಓದಿದ್ದೆ. ಅಜ್ಜಿ ತೀರಿಕೊಂಡಿದ್ದ ಒಬ್ಬ ಪ್ರಯಾಣಿಕನಿಗೆ ಏರ್ ಕೆನಡಾ ವಿಮಾನ ಕಂಪನಿಯ ಚಾಟ್‌ಬಾಟ್ (ಗಿರಾಕಿಗಳಿಗೆ ತಾನೇ ಉತ್ತರ ಕೊಡುವ ಯಂತ್ರ), ಈಗ ಪೂರ್ತಿ ದರಕ್ಕೆ ಟಿಕೆಟ್ ತೆಗೆದುಕೊಂಡರೂ 90 ದಿನದೊಳಗೆ ಅರ್ಜಿ ಹಾಕಿ ಮನೆಯವರು ತೀರಿಕೊಂಡಾಗ ಕೊಡುವ ರಿಯಾಯಿತಿ ಪಡೆಯಬಹುದು ಅಂದಿತ್ತು. ಕಂಪನಿಯ ನಿಯಮದಲ್ಲಿ ಪ್ರಯಾಣ ಮುಗಿದ ಮೇಲೆ ಕೇಳಲು ಅವಕಾಶವೇ ಇರಲಿಲ್ಲ. ಚಾಟ್‌ಬಾಟ್ ಆಡಿದ ಮಾತಿಗೆ ಚಾಟ್‌ಬಾಟೇ ಹೊಣೆ ಎಂದು ಕಂಪನಿ ವಾದಿಸಿತು. 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿ, ಸುಮಾರು 812 ಡಾಲರ್ ಕೊಡಿಸಿತು. ವಿಮಾನ ಕಂಪನಿಗೆ ಅದು ಲೆಕ್ಕಕ್ಕಿಲ್ಲದ ದುಡ್ಡು. ನಮ್ಮ ಹತ್ತಿರ ಇರುವುದು ನಾಲ್ಕು ಒಲೆ, ಒಂಬತ್ತು ಹೆಣ್ಣುಮಕ್ಕಳ ಕೈ, ಜನರ ನಂಬಿಕೆ.

ಬಿಲ್ಲಿನದೂ ಹಾಗೇ ಆಯಿತು. ರೊಟ್ಟಿ, ಚಪಾತಿ ಮೇಲಿನ ಶೇ 5 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಸೊನ್ನೆಯಾಗಿದೆ. ಎಐ ಹಳೆಯ ಲೆಕ್ಕವನ್ನೇ ಹೇಳಿತು, ನೀನು ಹಾಗೇ ಬಿಲ್ ಮಾಡಿದೆ. ಅದರ ಓದು ಯಾವ ದಿನಕ್ಕೆ ನಿಂತಿದೆಯೋ, ಆಮೇಲೆ ಆದದ್ದನ್ನು ಹುಡುಕಿ ನೋಡದಿದ್ದರೆ ಅದಕ್ಕೆ ತಿಳಿಯುವುದಿಲ್ಲ. ತೆರಿಗೆ ವಿಷಯ ನಮ್ಮ ಲೆಕ್ಕ ನೋಡುವವರನ್ನೇ ಕೇಳು.

ಇನ್ನು ಆ ಚಿತ್ರ. ನೀನು ಎಐಯಿಂದ ಮಾಡಿಸಿ ಹಾಕಿದ ಚಿತ್ರದಲ್ಲಿ ಅಜ್ಜಿಯೊಬ್ಬಳು ಲಟ್ಟಣಿಗೆಯಿಂದ ಜೋಳದ ರೊಟ್ಟಿ ಲಟ್ಟಿಸುತ್ತಿದ್ದಾಳೆ! ಎಸರಿನಲ್ಲಿ ಹಿಟ್ಟು ನಾದಿ, ಅಂಗೈಯಲ್ಲಿ ಬಡಿದು ಬಡಿದು ನಮ್ಮವರ ಬೆರಳು ಗಡುಸಾಗಿವೆ. ಅವರ ಕೈ ತೋರಿಸುವುದಕ್ಕೆ ನಿನಗೇನು ಸಂಕೋಚ? ಬೆಂಗಳೂರಿನಿಂದ ನಮ್ಮ ರೊಟ್ಟಿ ತರಿಸುವವರಲ್ಲಿ ಅರ್ಧ ಮಂದಿ ಈ ಕಡೆಯವರೇ. ಹಂಚಿನ ಕಪ್ಪು ಚುಕ್ಕೆಯಿಲ್ಲದ ರೊಟ್ಟಿ ಕಂಡರೆ ಅವರಿಗೆ ತಿಳಿಯುವುದಿಲ್ಲವೇ? ಎಳ್ಳಅಮಾವಾಸ್ಯೆಗೆ ಅದು ಬರೆದುಕೊಟ್ಟ ಶುಭಾಶಯದಲ್ಲಿ ಸಂಕ್ರಾಂತಿಯ ಎಳ್ಳು-ಬೆಲ್ಲ ಬಂದಿತ್ತು. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಭಜ್ಜಿ ಉಂಡು ಬೆಳೆದವಳು ನೀನು. ಓದದೇ ಹಾಕಿದೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು.

ಕೂಲಿ ಲೆಕ್ಕಕ್ಕೆಂದು ಹೆಣ್ಣುಮಕ್ಕಳ ಆಧಾರ್, ಬ್ಯಾಂಕ್ ಖಾತೆ ನಂಬರ್ ಎಲ್ಲ ಅದರಲ್ಲಿ ಹಾಕಿದ್ದೀ ಅಂತ ತಮ್ಮ ಹೇಳಿದ. ನಮ್ಮನ್ನು ನಂಬಿ ಕೊಟ್ಟ ಕಾಗದ ಅವು. ಅಲ್ಲಿ ಹಾಕಿದ್ದು ಎಲ್ಲಿ ಉಳಿಯುತ್ತದೆ, ಯಾರು ನೋಡುತ್ತಾರೆ ಅಂತ ಅವರು ಕೇಳಿದರೆ ನಿನ್ನ ಹತ್ತಿರ ಉತ್ತರವಿದೆಯೇ? ಇಂದೇ ಅಳಿಸು. ಅಳಿಸಿದ್ದನ್ನು ಅವರಿಗೆ ಹೇಳು ಕೂಡ.

ಪೂರ್ತಿ ಬಿಟ್ಟುಬಿಡು ಅನ್ನುವುದಿಲ್ಲ. ಹೈದರಾಬಾದಿನ ಅಂಗಡಿಗೆ ಇಂಗ್ಲಿಷ್ ಪತ್ರ ಬರೆಸು, ಅಕ್ಷರದ ತಪ್ಪು ತಿದ್ದಿಸು. ಗಿರಾಕಿ ಕೇಳಿದ ಮಾತಿಗೆ ಮಾತ್ರ ನಾವೇ ಉತ್ತರ ಕೊಡೋಣ. ದಿನಾ 11ರಿಂದ 4ರ ತನಕ ಆ ಫೋನ್ ನನ್ನ ಹತ್ತಿರ ಇರಲಿ, ಟೈಪ್ ಮಾಡುವುದು ಮೆಲ್ಲಗೆ ಕಲಿಯುತ್ತೇನೆ.

ಸೂಪರ್ ಮಾರ್ಕೆಟ್‌ಗೆ ಹೋಗಿ ಗುರೆಳ್ಳಿಗೆಂದೇ ಬೇರೆ ಭಾಂಡೆ ತಂದಿದ್ದೇನೆ, ಹಿಡಿಕೆಗೆ ಕೆಂಪು ದಾರ ಕಟ್ಟಿದೆ. ಆದರೂ ಪೊಟ್ಟಣದ ಮೇಲೆ "ಶೇಂಗಾ ಬಳಸುವ ಅಡುಗೆಮನೆಯಲ್ಲೇ ಮಾಡಿದ್ದು" ಅಂತ ಅಚ್ಚು ಹಾಕಿಸು. ಆ ತಾಯಿಯ ದುಡ್ಡು ವಾಪಸ್ ಕಳಿಸಿದ್ದೇನೆ. ನೀನೂ ಒಂದು ಸಲ ಫೋನ್ ಮಾಡಿ ಮಾತಾಡು, ಮಗ ಹೇಗಿದ್ದಾನೆ ಕೇಳು.

ನಿನ್ನ ದೊಡ್ಡವ್ವ