ಮೊದಲ ಪ್ಯಾಟಿ ಧಾರಣಿ ಓದು, ಆಮ್ಯಾಲೆ ಬರಿ

ಸಪ್ತಾಪುರ, ಧಾರವಾಡ

ದೋಸ್ತ,

ನೀ ವಾಟ್ಸಾಪಿನ್ಯಾಗ ಕಳಿಸಿದ ಪ್ರಬಂಧದ ಫೋಟೋ ಎಲ್ಲಾ ಓದಿದೆ. ಫೋನಿನ ಮ್ಯಾಲೆ ಕೆಂಪು ಗೆರಿ ಎಳಿಯೂದು ನನಗ ಒಗ್ಗೂದಿಲ್ಲ, ಅದಕ್ಕ ಕೂತು ಪತ್ರಾನ ಬರಿಯಾಕತ್ತೀನಿ. ನಿನ್ನಂಗ ನರ್ಸ್ ಕೆಲಸ ಮಾಡ್ಕೊಂತ ಬ್ರಿಟನ್ನಿಗೆ ಹೋಗಾಕ ಇಂಗ್ಲಿಷ್ ಪರೀಕ್ಷಾಕ್ಕ ತಯಾರಿ ಮಾಡೂ ಮಂದಿ ಭಾಳ ಅದಾರ, ಅವರೂ ಓದ್ಲಿ ಅಂತ ನಿನ್ನ ಹೆಸರು ತಗದು ಇಲ್ಲೇ ಹಾಕೀನಿ. ಸಿಟ್ಟಾಗಬ್ಯಾಡ.

ನಿನ್ನ ಇಂಗ್ಲಿಷಿಗೆ ಏನೂ ಧಾಡಿ ಆಗಿಲ್ಲ. ಅಲ್ಲಿ ನರ್ಸುಗಳನ್ನ ನೋಂದಣಿ ಮಾಡ್ಕೊಳ್ಳೂ ನರ್ಸಿಂಗ್ ಆಂಡ್ ಮಿಡ್‌ವೈಫರಿ ಕೌನ್ಸಿಲ್, ಐಇಎಲ್‌ಟಿಎಸ್ ಅನ್ನೂ ಇಂಗ್ಲಿಷ್ ಪರೀಕ್ಷಾದಾಗ ಓದೂದು, ಕೇಳೂದು, ಮಾತಾಡೂದು ಮೂರಕ್ಕೂ 7 ಕೇಳ್ತೈತಿ, ಬರಿಯೂದಕ್ಕ 6.5 ಬಂದ್ರ ಸಾಕು. ಮೊದಲ ಅದಕ್ಕೂ 7 ಇತ್ತು, 2018ರ ಕೊನಿಗೆ ಇಳಿಸಿದ್ರು. ನಿನ್ನ ಮಾಕ್ ಟೆಸ್ಟ್ 6ಕ್ಕ ನಿಂತಿದ್ದು ಶಬ್ದ ಸಾಲದಾಗಿ ಅಲ್ಲ. ಎಲ್ಲಾನೂ ಹೇಳಾಕ ಹೋಗಿ ಏನೂ ಹೇಳದ ಎದ್ದು ಬರ್ತಿ, ಅದಾ ತ್ರಾಸು.

ಮೊದಲನೇ ಪ್ರಶ್ನೆ ತಗೋ. ಗ್ರಾಫೋ ಕೋಷ್ಟಕಾನೋ ಏನರ ಕೊಡ್ತಾರ, 20 ನಿಮಿಷದಾಗ ಕಡಿಮಿ ಅಂದ್ರ 150 ಶಬ್ದ ಬರಿಬೇಕು. ನೀ ಏನ್ ಮಾಡಿದಿ? ಐದು ದೇಶ, ನಾಕು ವರ್ಷ, ಇದ್ದಷ್ಟೂ ಅಂಕಿ ಒಂದೂ ಬಿಡದಂಗ ಸಾಲಾಗಿ ಇಳಿಸಿದಿ. ಸೊಸೈಟಿ ಜಮಾಖರ್ಚು ಓದಿದಂಗ ಆತು.

ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿ ಮುಗಿಸಿ ಬಂದ ದಿನ ನಿಮ್ಮ ಅಪ್ಪಾರು ಕಟ್ಟಿ ಮ್ಯಾಲೆ ಕೂತು ಏನ್ ಹೇಳ್ತಾರ? "ಡಬ್ಬಿ ಏರೇತಿ, ಕಡ್ಡಿ ಇದ್ದಲ್ಲೇ ಐತಿ, ಗುಂಟೂರು ಬಿತ್ತು, ಆವಕ ಸಿಕ್ಕಾಪಟ್ಟೆ ಇತ್ತು." ಮೂರು ತಳಿ, ಒಂದು ಆವಕ, ಅಷ್ಟ. ಕ್ವಿಂಟಲ್ಲಿಗೆ ಎಷ್ಟು ಅಂತ ಯಾರರ ಕೇಳಿದ ಮ್ಯಾಲೆ ಅಂಕಿ ಹೊರಗ ಬೀಳ್ತಾವ. ಪರೀಕ್ಷಕರಿಗೆ ಬೇಕಾದದ್ದೂ ಇದಾ. ಓವರ್‌ವ್ಯೂ ಅಂತಾರಲ್ಲ, ಅದು ಇದು. ಇದಿಲ್ಲದ ಉತ್ತರ ಎಷ್ಟ ಚಂದ ಇದ್ರೂ ಆ ಭಾಗದಾಗ 5ರ ಆಚೆ ಹೋಗೂದು ಕಷ್ಟ.

ಪೇಪರಿನ್ಯಾಗ ಪ್ಯಾಟಿ ಧಾರಣಿ ಬರ್ತೈತಲ್ಲ, ತಳಿ, ಆವಕ, ಕನಿಷ್ಠ, ಗರಿಷ್ಠ ಅಂತ, ಅದನ್ನ ಕತ್ತರಿಸಿ ಮುಂದಿಟ್ಕೊಂಡು ಇಂಗ್ಲಿಷಿನ್ಯಾಗ ಬರಿ. ಇದಕ್ಕಿಂತ ಛಲೋ ಕೋಷ್ಟಕ ನಿನಗ ಯಾವ ಕೋಚಿಂಗಿನ್ಯಾಗೂ ಸಿಗೂದಿಲ್ಲ, ಯಾಕಂದ್ರ ಇದರಾಗ ಯಾವ ಅಂಕಿ ದೊಡ್ಡದು, ಯಾವುದು ಬಿಟ್ರ ನಡೀತೈತಿ ಅನ್ನೂದು ನಿನಗ ಸಣ್ಣಾಂವ ಇದ್ದಾಗಿಂದ ಗೊತ್ತೈತಿ. ಆದ್ರ ರೇಟು ಯಾಕ ಬಿತ್ತು ಅನ್ನೂದು ಬರಿಬ್ಯಾಡ. ಮಳಿ ಬಂತು, ಆಂಧ್ರದ ಮಾಲು ಬಂತು ಅಂತ ಕಾರಣ ಹೇಳಾಕ ನಿನಗ ಕೈ ಕೆರಿತೈತಿ, ನನಗ ಗೊತ್ತು. ಕೋಷ್ಟಕದಾಗ ಇಲ್ಲದ್ದು ಅಲ್ಲಿ ಬ್ಯಾಡ.

ಎರಡನೇದು 40 ನಿಮಿಷದ್ದು, 250 ಶಬ್ದ, ತೂಕ ಮೊದಲಿನದರ ಎರಡು ಪಟ್ಟು. ಬಸ್ ಪ್ರಯಾಣ ಎಲ್ಲಾರಿಗೂ ಪುಕ್ಕಟ್ಟ ಇರಬೇಕು ಅನ್ನೂದನ್ನ ಎಷ್ಟರಮಟ್ಟಿಗೆ ಒಪ್ತಿ ಅಂತ ಪ್ರಶ್ನೆ. ನಿನ್ನ ಉತ್ತರ ಶುರುವಾಗಿದ್ದು "ಇನ್ ಟುಡೇಸ್ ಮಾಡರ್ನ್ ವರ್ಲ್ಡ್"ನಿಂದ. ನಮ್ಮ ಓಣ್ಯಾಗ ಝೆರಾಕ್ಸ್ ಅಂಗಡಿಗೆ ಹೋದ್ರ ಇಂಥ ಸಾಲು ಕಟ್ಟುಗಟ್ಲೆ ಸಿಗ್ತಾವ! ಬಾಯಿಪಾಠದ ಸಾಲು ಯಾವುದು ಅಂತ ಪರೀಕ್ಷಕರಿಗೆ ನೋಡಿದ ಕೂಡ್ಲೆ ಗೊತ್ತಾಗ್ತೈತಿ. ಆಮ್ಯಾಲೆ ಅನುಕೂಲ ಮೂರು, ಅನಾನುಕೂಲ ಮೂರು, ಕೊನಿಗೆ "ಎರಡೂ ಕಡೆ ಖರೆ ಐತಿ" ಅಂತ ಮುಗಿಸಿದಿ. ನೀ ಏನಂತಿ ಅನ್ನೂದ ಇಲ್ಲಲ್ಲೋ.

2023ರ ಜೂನ್‌ನ್ಯಾಗ ಶಕ್ತಿ ಯೋಜನಾ ಬಂದು ಹೆಣ್ಮಕ್ಕಳಿಗೆ ಬಸ್ ಪುಕ್ಕಟ್ಟ ಆದಾಗ ಚಹಾದಂಗಡ್ಯಾಗ ಏನ್ ವಾದ ಮಾಡಿದ್ದಿ ನೆನಪೈತೇನು? ಹಳ್ಳಿ ಹೆಣ್ಮಕ್ಕಳು ಈಗ ಹೊಲಿಗಿ ಬಿಚ್ಚಸಾಕ, ಫಾಲೋಅಪ್ಪಿಗೆ ಹೇಳಿದ ದಿನಾನ ಬರ್ತಾರ, ಮೊದಲ ಬಸ್ ಚಾರ್ಜಿಗೆ ಹೆದರಿ ಮುಂದ ಹಾಕ್ತಿದ್ರು ಅಂದಿ. ಹಂಗಾ ಬಸ್ ಹೆಚ್ಚ ಬಿಡದ ಪುಕ್ಕಟ್ಟ ಮಾಡಿದ್ರ ಸಾಲಿ ಹುಡುಗ್ರು ಬಾಗಲಕ್ಕ ಜೋತಬೀಳ್ತಾರ ಅಂತನೂ ಅಂದಿ. ಅದಾ ನಿನ್ನ ಪ್ರಬಂಧ! ಒಪ್ತೀನಿ, ಆದ್ರ ಬಸ್ ಹೆಚ್ಚ ಬಿಟ್ರ ಅಷ್ಟ. ಒಂದು ಪ್ಯಾರಾ ಹೊಲಿಗಿ ಬಿಚ್ಚಸಾಕ ಬಂದಾಕಿ, ಇನ್ನೊಂದು ಬಾಗಲದಾಗಿನ ಹುಡುಗ್ರು. ಪರೀಕ್ಷಕರು ಹುಬ್ಬಳ್ಳಿ ನೋಡಿಲ್ಲಲ್ಲ ಅಂತ ಹಿಂಜರಿಬ್ಯಾಡ. ಯೋಜನಾ ಏನಂತ ಅರ್ಧ ಸಾಲಿನ್ಯಾಗ ತಿಳಿಸಿದ್ರ ಆತು. ಸ್ವಂತ ಅನುಭವದ ಉದಾಹರಣೆ ಕೊಡ್ರಿ ಅಂತ ಪ್ರಶ್ನೆ ಕೆಳಗ ಅವರಾ ಬರದಿರ್ತಾರ.

ವ್ಯಾಕರಣಕ್ಕ ನಾಕರಾಗ ಒಂದು ಪಾಲು ಮಾರ್ಕ್ಸ್. ನಿನ್ನ ತಪ್ಪು ಬಹುತೇಕ ಒಂದಾ ಜಾಗಾದಿಂದ ಬರಾಕತ್ತಾವ. ದಿನಾ ಕೇಸ್‌ಶೀಟಿನ್ಯಾಗ "ಪೇಷಂಟ್ ಕಂಫರ್ಟಬಲ್, ವೈಟಲ್ಸ್ ಸ್ಟೇಬಲ್, ಇಂಜೆಕ್ಷನ್ ಗಿವನ್" ಅಂತ ಬರದು ಬರದು "ಈಸ್", "ವಾಸ್", "ದಿ" ಎಲ್ಲಾ ಉದುರಿಹೋಗ್ಯಾವ. ಪ್ರಬಂಧದಾಗೂ "ಬಸ್ ಫೇರ್ ಟೂ ಹೈ" ಅಂತ ಹಾಕಿ. ಕೊನಿಗೆ ಮೂರು-ನಾಕು ನಿಮಿಷ ಉಳಿಸ್ಕೊಂಡು ಸಾಲುಸಾಲಿಗೂ ಕ್ರಿಯಾಪದ ಐತೋ ಇಲ್ಲೋ ನೋಡ್ಕೊಂತ ಹೋಗು. ಸ್ಪೆಲಿಂಗ್ ನಂದಕ್ಕಿಂತ ನಿಂದಾ ಛಲೋ ಐತಿ, ಅದನ್ನ ಬಿಡು.

ಮತ್ತ, ಫೀ ಕಟ್ಟೂಕ್ಕಿಂತ ಮೊದಲ ಓಇಟಿದ ಒಂದು ಮಾದರಿ ಪ್ರಶ್ನೆಪತ್ರಿಕೆ ತಗದು ನೋಡು. ಅದು ಡಾಕ್ಟರು, ನರ್ಸು ಇಂಥವರಿಗಂತಾನ ಮಾಡಿದ ಇಂಗ್ಲಿಷ್ ಪರೀಕ್ಷಾ. ಕೌನ್ಸಿಲ್ ಅದನ್ನೂ ಒಪ್ತೈತಿ, ಬರಿಯೂದಕ್ಕ ಸಿ ಪ್ಲಸ್ ಸಾಕು. 45 ನಿಮಿಷದಾಗ 5 ನಿಮಿಷ ಕೇಸ್ ನೋಟ್ಸ್ ಓದೂದಕ್ಕ, ಉಳಿದ 40ರಾಗ ಮುಂದ ಪೇಷಂಟನ್ನ ನೋಡಿಕೊಳ್ಳೂರಿಗೆ 180ರಿಂದ 200 ಶಬ್ದದ ಪತ್ರ. ನೋಟ್ಸಿನ್ಯಾಗ ಬೇಕಾದದ್ದೂ ಇರ್ತೈತಿ, ಬ್ಯಾಡಾದದ್ದೂ ಇರ್ತೈತಿ, ಆರಿಸೂದಾ ಕೆಲಸ. ಶಿಫ್ಟ್ ಬದಲಾಗುವಾಗ ಹ್ಯಾಂಡೋವರ್ ಕೊಡ್ತಿಯಲ್ಲ, ದಿನಾ ಅದನ್ನಾ ಮಾಡ್ತಿ. ನನ್ನ ಕೇಳಿದ್ರ ನಿನಗ ಅದಾ ಪಾಡು. ಫೀ ಮಾತ್ರ ಐಇಎಲ್‌ಟಿಎಸ್‌ಕ್ಕಿಂತ ಜಾಸ್ತಿ, ಮನಿಯಾಗ ಲೆಕ್ಕ ಹಾಕಿ ಹೇಳು.

ನೈಟ್ ಡ್ಯೂಟಿ ಮುಗಿಸಿ ಬಂದು ಹಂಗಾ ಬರಿಯಾಕ ಕೂಡಬ್ಯಾಡ, ಮಲ್ಕೊ. ಆಫ್ ಇದ್ದ ದಿನ ಮುಂಜಾನೆ ಗಡಿಯಾರ ಇಟ್ಕೊಂಡು ಎರಡೂ ಪ್ರಶ್ನೆ ಸೇರಿಸಿ ಒಂದಾ ತಾಸಿನ್ಯಾಗ ಬರಿ. ಬಸ್ಸಿನ ಪ್ರಬಂಧ ಹೊಸದಾಗಿ ಬರದು ಕಳಿಸು. ಈ ಸರ್ತಿ ಫೋಟೋ ಬೆಳಕಿನ್ಯಾಗ ತಗಿ ಮಾರಾಯಾ, ಅರ್ಧ ಪುಟ ನಿನ್ನ ಕೈ ನೆರಳಾ ಇತ್ತು.

ಅಪ್ಪಾರಿಗೆ, ಅವ್ವಾರಿಗೆ ನಮಸ್ಕಾರ ಹೇಳು.

ನಿನ್ನ ದೋಸ್ತ