ಆರನೇ ಪುಸ್ತಕ ಬರಲಿ, ಬಿಡಲಿ

ಪ್ರೀತಿಯ ಪುಟ್ಟಿ,

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಕಾದಂಬರಿ ಸರಣಿಯ ಐದನೇ ಪುಸ್ತಕ ಮುಗಿಸಿ ನೀನು ಕಳಿಸಿದ ಉದ್ದದ ಮೆಸೇಜ್ ಓದಿದೆ. ಅರ್ಧ ಬೈಗುಳ, ಅರ್ಧ ಪ್ರಶ್ನೆ. ಇಷ್ಟಕ್ಕೆಲ್ಲ ಮೊಬೈಲಿನಲ್ಲಿ ಉತ್ತರ ಒತ್ತುತ್ತಾ ಕೂರುವುದು ನನ್ನ ಕೈಲಾಗದ ಕೆಲಸ, ಅದಕ್ಕೇ ಈ ಕಾಗದ.

ನಿನ್ನ ಸಿಟ್ಟು ನ್ಯಾಯವೇ. ಆ ಐದನೆಯದು, ‘ಎ ಡ್ಯಾನ್ಸ್ ವಿತ್ ಡ್ರಾಗನ್ಸ್’, ಬಂದದ್ದು 2011ರ ಜುಲೈನಲ್ಲಿ. ನೀನಾಗ ಇನ್ನೂ ಕಾಗುಣಿತ ತಿದ್ದುತ್ತಿದ್ದೆ. ಅದಕ್ಕೂ ಮುಂಚಿನದು 2005ರದ್ದು. ಕಥೆ ಹಿಗ್ಗಿ ಒಂದೇ ಪುಸ್ತಕದಲ್ಲಿ ಹಿಡಿಯದೆ ಹೋದಾಗ ಮಾರ್ಟಿನ್ ಪಾತ್ರಗಳನ್ನೇ ಎರಡು ಪಾಲು ಮಾಡಿದರು, ಅರ್ಧ ಜನ ಅದರಲ್ಲಿ, ಉಳಿದವರು ಇದರಲ್ಲಿ. ಹಾಗಾಗಿ ಜಾನ್ ಸ್ನೋ, ಡೇನೆರಿಸ್, ಟಿರಿಯನ್ ಏನಾದರು ಅಂತ ತಿಳಿಯಲು 2000ದಿಂದ 2011ರವರೆಗೆ ಕಾದವರಿದ್ದಾರೆ. ಅಷ್ಟು ಕಾದ ಮೇಲೆ ಸಿಕ್ಕಿದ್ದು ಹಿಮದ ಮೇಲೆ ಬಿದ್ದ ಜಾನ್, ಅವನಿಗೆ ಚಾಕು ಹಾಕಿ ಅಳುತ್ತಾ ನಿಂತ ಅವನದೇ ಪಡೆಯ ಬೋವೆನ್ ಮಾರ್ಶ್. 2016ರ ಜನವರಿಯಲ್ಲಿ ‘ಆರನೆಯದು ಮುಗಿದಿಲ್ಲ’ ಅಂತ ಮಾರ್ಟಿನ್ ಬರೆದರು, 2022ರಲ್ಲಿ ಮುಕ್ಕಾಲು ಪಾಲು ಆಗಿದೆ ಅಂದರು. ಬೈದುಕೋ, ಬೇಡ ಅನ್ನಲ್ಲ.

ಆದರೆ ಓದುಗರು ಸುಳಿವು ಹಿಡಿದು ಕಟ್ಟುವ ಊಹೆಗಳ ಬಗ್ಗೆ ‘ಮುಂದಿನ ಪುಸ್ತಕ ಬರದೇ ಇದ್ರೆ ಈ ಥಿಯರಿಗಳೆಲ್ಲ ವೇಸ್ಟ್ ತಾನೇ’ ಅಂದೆಯಲ್ಲ, ಅದನ್ನು ಮಾತ್ರ ಒಪ್ಪಲಾರೆ. ಪಿಯುಸಿ ಗಣಿತದ ಪತ್ರಿಕೆ ತಿದ್ದುವವಳು ನಾನು, ನನ್ನ ಕಣ್ಣು ಉತ್ತರದ ಮೇಲಲ್ಲ, ಸ್ಟೆಪ್ಸ್ ಮೇಲೆ. ಮೇಲೇನೂ ಬರೆಯದೆ ಕೊನೆಯ ಸಾಲಿನಲ್ಲಿ ಸರಿ ಉತ್ತರ ಕಂಡರೆ ಪಕ್ಕದವನ ಪೇಪರ್ ನೆನಪಾಗುತ್ತದೆ. ಥಿಯರಿಗೂ ನನ್ನ ಲೆಕ್ಕ ಅದೇ. ಮುಂದೇನಾಗುತ್ತೆ ಅಂತ ಪಣ ಕಟ್ಟುವುದು ಒಂದು ಬಗೆ. ಪುಟದ ಮೇಲೆ ಆಗಲೇ ನಡೆದು ಹೋಗಿದ್ದನ್ನು, ನಾವು ಸರಸರ ದಾಟಿ ಬಂದದ್ದನ್ನು, ತೋರಿಸಿಕೊಡುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಆರನೇ ಪುಸ್ತಕದ ಹಂಗೇ ಇಲ್ಲ.

ಮ್ಯಾಂಡರ್ಲಿಯ ಪೈಗಳ ವಿಚಾರ ನೋಡು. ನಿನ್ನ ಮೆಸೇಜಿನಲ್ಲಿ ಅದರ ಸೊಲ್ಲೇ ಇಲ್ಲ, ಅಂದರೆ ನಿನಗೆ ಹೊಳೆದಿಲ್ಲ. ಕುದುರೆ ಮೇಲೆ ಕೂರಲಾಗದಷ್ಟು ದಪ್ಪದ ಆ ವೈಮನ್ ಮ್ಯಾಂಡರ್ಲಿ ವಿಂಟರ್‌ಫೆಲ್‌ನ ಮದುವೆ ಊಟಕ್ಕೆ ಮೂರು ಪೈ ತರಿಸುತ್ತಾನೆ. ಒಂದೊಂದೂ ಗಾಡಿ ಚಕ್ರದಷ್ಟು ಅಗಲ. ಮೊದಲ ತುಂಡುಗಳು ಹೋಗುವುದು ಆ ಕೋಟೆ ಹಿಡಿದುಕೊಂಡಿರುವ ರೂಸ್ ಬೋಲ್ಟನ್‌ಗೂ ಅವನ ಫ್ರೇ ಮನೆತನದ ಹೆಂಡತಿಗೂ, ಆಮೇಲಿನವು ಆ ಮನೆತನದ ಯಜಮಾನ ವಾಲ್ಡರ್ ಫ್ರೇ ಮಕ್ಕಳಿಗೆ. ತಾನೂ ಮೂರರಿಂದಲೂ ಎರಡೆರಡು ತುಂಡು ಹಾಕಿಸಿಕೊಂಡು ಬಾಯಿ ಚಪ್ಪರಿಸುತ್ತಾನೆ. ಕುಡಿದು ಸುಸ್ತಾದ ಮೇಲೆ ಹಾಡುಗಾರನನ್ನು ಕರೆದು ಇಲಿ ಅಡುಗೆಯವನ ಹಾಡು ಹೇಳು ಅನ್ನುತ್ತಾನೆ. ನಾವು ಓದುವವರು ತಿಂಡಿಪೋತ ಮುದುಕ ಅಂತ ನಕ್ಕು ಪುಟ ತಿರುಗಿಸುತ್ತೇವೆ.

ಈಗ ಲೆಕ್ಕ ಹಾಕು. ಅವನ ಊರಿಗೆ ಬಂದಿದ್ದ ಮೂವರು ಫ್ರೇಗಳು ದಾರಿಯಲ್ಲಿ ಕಾಣೆಯಾಗಿದ್ದಾರೆ. ಪೈಗಳು ಮೂರು. ಇವನ ಒಬ್ಬ ಮಗನನ್ನು ಇದೇ ಫ್ರೇಗಳು ಮದುವೆಗೆ ಕರೆದು, ಉಪ್ಪು ರೊಟ್ಟಿ ಕೊಟ್ಟು, ಕೊಂದಿದ್ದಾರೆ. ಇಲಿ ಅಡುಗೆಯವನ ಕಥೆ ಬರುವುದು ಮೂರನೇ ಪುಸ್ತಕದಲ್ಲಿ, ಬ್ರಾನ್ ನೆನಪಿನಲ್ಲಿ. ಅರಸನಿಗೆ ಅವನ ಮಗನನ್ನೇ ಪೈ ಮಾಡಿ ಬಡಿಸಿದವನನ್ನು ದೇವರು ಶಪಿಸಿದ್ದು ಕೊಲೆಗಲ್ಲ, ಪೈಗೂ ಅಲ್ಲ, ತನ್ನ ಸೂರಿನಡಿಯ ಅತಿಥಿಯನ್ನು ಕೊಂದದ್ದಕ್ಕೆ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಉಣಿಸಿದ ಮನೆಗೂ ಅಷ್ಟೇ ಕಟ್ಟು.

ಹಾಗಾದರೆ ಮ್ಯಾಂಡರ್ಲಿಗೂ ಶಾಪ ತಟ್ಟಬೇಕಲ್ಲ? ಇಲ್ಲ. ಸಿಂಹಾಸನಕ್ಕಾಗಿ ಹೋರಾಡುತ್ತಿರುವ ಸ್ಟಾನಿಸ್‌ನ ದೂತ ಡಾವೋಸ್ ಹತ್ತಿರ ಮಾತಾಡುವಾಗ ಅವನು ಯಾವುದೋ ಪುರಾಣ ತೆಗೆದವನ ಹಾಗೆ ಹೇಳುತ್ತಾನೆ: ಆ ಫ್ರೇಗಳಿಗೆ ಬೀಳ್ಕೊಡುಗೆಯಾಗಿ ಒಂದೊಂದು ಕುದುರೆ ಕೊಡುತ್ತಿದ್ದೇನೆ, ನಿಮ್ಮ ಕಡೆಯೂ ಅತಿಥಿಗಳಿಗೆ ಉಡುಗೊರೆ ಕೊಡುವುದುಂಟೇ? ಹೊರಡುವ ದಿನ ಕೆಲವರು ಕೊಡುತ್ತಾರೆ ಅನ್ನುತ್ತಾನೆ ಡಾವೋಸ್. ಅಲ್ಲಿಗೆ ಮುಗಿಯಿತು. ಉಡುಗೊರೆ ಕೈಗಿತ್ತ ಮೇಲೆ ಅವರು ಅತಿಥಿಗಳಲ್ಲ. ಧರ್ಮಕ್ಕೆ ಒಂದು ಕೂದಲೂ ಕೊಂಕದ ಹಾಗೆ ಸೇಡು ತೀರಿಸಿಕೊಂಡ ಮುದುಕ! ಪೈ ಒಳಗೆ ಏನಿತ್ತು ಅಂತ ಪುಸ್ತಕದಲ್ಲಿ ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯವರು ಅದೇ ಪೈಯನ್ನು ಎತ್ತಿ ಸ್ಟಾರ್ಕ್ ಮನೆತನದ ಹುಡುಗಿ ಆರ್ಯಾ ಕೈಗೆ ಕೊಟ್ಟು, ಅದರಲ್ಲಿರುವುದು ನಿನ್ನ ಮಕ್ಕಳೇ ಅಂತ ವಾಲ್ಡರ್ ಫ್ರೇಗೆ ಹೇಳಿಸಿದರು. ನನಗಂತೂ ರುಚಿ ಅಲ್ಲೇ ಕೆಟ್ಟಿತು.

ಜಾನ್ ಹುಟ್ಟಿನ ಥಿಯರಿಯೂ ಇದೇ ಜಾತಿಯದು. ಮೊದಲ ಪುಸ್ತಕ ಬಂದದ್ದು 1996ರಲ್ಲಿ, ಮರುವರ್ಷವೇ ಓದುಗರು ಹಿಡಿದುಬಿಟ್ಟಿದ್ದರು: ಅವನು ತನ್ನ ಅಪ್ಪ ಅಂದುಕೊಂಡ ನೆಡ್ ಮಗನಲ್ಲ, ನೆಡ್‌ನ ತಂಗಿ ಲಿಯಾನಾ ಮತ್ತು ರಾಜಕುಮಾರ ರೇಗಾರ್ ಮಗ. ಲಿಯಾನಾ ಸಾಯುವಾಗ ಅಣ್ಣನಿಂದ ಮಾತು ತೆಗೆದುಕೊಳ್ಳುವುದು, ನೀಲಿ ಗುಲಾಬಿ, ರಕ್ತದ ಹಾಸಿಗೆ ಎಲ್ಲ ಇವೆ, ನಿನಗೂ ಗೊತ್ತು. ನನಗೆ ಬಲವಾಗಿ ಕಂಡದ್ದು ಬೇರೆ. ರಾಜ ಸತ್ತಿದ್ದಾನೆ, ರಾಜಕುಮಾರ ಸತ್ತಿದ್ದಾನೆ, ಯುದ್ಧ ಮುಗಿದಿದೆ. ಆದರೂ ರಾಜನ ಅಂಗರಕ್ಷಕರಲ್ಲೇ ಹೆಸರಾಂತ ಮೂವರು ಒಂದು ಒಂಟಿ ಗೋಪುರದ ಮುಂದೆ ಏಳು ಜನರ ಎದುರು ನಿಂತು ಸಾಯುತ್ತಾರೆ. ಅವರ ಆಣೆ ಇರುವುದು ರಾಜನನ್ನು ಕಾಯಲು. ಮೇಲೆ ಯಾರಿದ್ದರು? ಧಾರಾವಾಹಿ ಮಾಡಲು ಬಂದ ಬೆನಿಯಾಫ್ ಮತ್ತು ವೈಸ್ ಅವರನ್ನು ಮಾರ್ಟಿನ್ ಕೇಳಿದ್ದೇ ‘ಜಾನ್ ತಾಯಿ ಯಾರು’ ಅಂತ, ಅವರು ಸರಿಯಾಗಿ ಹೇಳಿದರು. 2016ರಲ್ಲಿ ಟಿವಿಯಲ್ಲಿ ಅದು ಬಂದಾಗ ಹಳೇ ಓದುಗರಿಗೆ ಆಶ್ಚರ್ಯವೇನೂ ಆಗಲಿಲ್ಲ. ಓದುಗರು ಕಂಡುಹಿಡಿದರು ಅಂತ ಕಥೆ ಬದಲಿಸುವುದಿಲ್ಲ ಅಂತ ಮಾರ್ಟಿನ್ ಹೇಳಿದ್ದು ನನಗೆ ತುಂಬ ಹಿಡಿಸಿತು. ಬದಲಿಸಿದರೆ ಇಟ್ಟ ಸುಳಿವೆಲ್ಲ ಸುಳ್ಳಾಗುತ್ತವೆ.

2019ರಲ್ಲಿ ಧಾರಾವಾಹಿ ಮುಗಿದಾಗ ಜನ ಅಷ್ಟು ರೇಗಿದ್ದೂ ಇದೇ ಕಾರಣಕ್ಕೆ ಅನ್ನಿಸುತ್ತದೆ. ಡೇನೆರಿಸ್ ಊರಿಗೆ ಊರೇ ಸುಡುವುದು ಮಾರ್ಟಿನ್ ಮನಸ್ಸಿನಲ್ಲೂ ಇದ್ದೀತು. ಆದರೆ ಆರು ಕಂತುಗಳ ಆ ಕೊನೇ ಸೀಸನ್‌ನಲ್ಲಿ ಸ್ಟೆಪ್ಸ್ ಎಲ್ಲಿ? ನಾನಾಗಿದ್ದರೆ ಅರ್ಧ ಅಂಕ ಕೊಡುತ್ತಿದ್ದೆ, ಅದೂ ಕ್ಯಾಮೆರಾ ಚೆನ್ನಾಗಿತ್ತು ಅಂತ.

ಇನ್ನು ಜಾನ್ ಸಾವು. ಅವನು ಎದ್ದು ಬರುತ್ತಾನಾ ಅಂತ ಕೇಳಿದ್ದೀಯ. ಟಿವಿಯಲ್ಲಿ ಎದ್ದದ್ದನ್ನು ಮರೆತು ಪುಸ್ತಕದ ಮುನ್ನುಡಿ ಅಧ್ಯಾಯ ತೆಗೆ. ವ್ಯಾರಮಿರ್ ಅನ್ನುವ ಯಾವನೋ ಒಬ್ಬ ಚಳಿಯಲ್ಲಿ ಸಾಯುತ್ತಾ, ಪ್ರಾಣಿಯೊಳಗೆ ಹೊಕ್ಕಬಲ್ಲವರು ಸತ್ತ ಮೇಲೆ ತಮ್ಮ ಪ್ರಾಣಿಯಲ್ಲಿ ಎರಡನೇ ಬಾಳು ಬಾಳುವುದನ್ನು ನೆನೆಯುತ್ತಾನೆ, ಕೊನೆಗೆ ತೋಳವಾಗುತ್ತಾನೆ. ಆಮೇಲೆ ಅವನ ಮಾತೇ ಇಲ್ಲ. ಸಾವಿರ ಪುಟದ ಪುಸ್ತಕದ ಬಾಗಿಲಲ್ಲಿ ಇವನನ್ನು ಯಾಕೆ ಕೂರಿಸಿದರು? ಜಾನ್ ಬಾಯಿಂದ ಕೊನೆಗೆ ಬರುವುದು ಅವನ ತೋಳ ಗೋಸ್ಟ್‌ನ ಹೆಸರು. ಪೂಜಾರಿಣಿ ಮೆಲಿಸಾಂಡ್ರೆ ಬೆಂಕಿಯಲ್ಲಿ ಅವನನ್ನು ಒಮ್ಮೆ ಮನುಷ್ಯನಾಗಿ, ಒಮ್ಮೆ ತೋಳವಾಗಿ, ಮತ್ತೆ ಮನುಷ್ಯನಾಗಿ ಕಾಣುತ್ತಾಳೆ. ಇದು ಮುಂದಿನ ಮಾತೇ ಆದರೂ ಸ್ಟೆಪ್ಸ್ ಇಟ್ಟುಕೊಂಡು ಬಂದಿದೆ, ಒಪ್ಪಿದೆ.

ನಾನು ಒಪ್ಪದಿರುವುದು ನಿನಗೆ ಇಷ್ಟವಾದ ಟಿರಿಯನ್ ಥಿಯರಿ, ಅವನು ಟೈವಿನ್ ಮಗನಲ್ಲ, ಹುಚ್ಚು ರಾಜನ ಮಗ ಅನ್ನುವುದು. ಸಾಯುವಾಗ ಟೈವಿನ್ ‘ನೀನು ನನ್ನ ಮಗನಲ್ಲ’ ಅಂದದ್ದನ್ನೇ ಸಾಕ್ಷಿ ಅಂತ ಹಿಡಿದುಕೊಂಡಿದ್ದೀಯ. ಸಿಟ್ಟು ಬಂದಾಗ ನಮ್ಮಮ್ಮ ನನಗೂ ಹಾಗೆ ಅಂದಿದ್ದಿದೆ ಕಣೇ. ನಾಲ್ಕನೇ ಪುಸ್ತಕದಲ್ಲಿ ಟೈವಿನ್ ತಂಗಿ ಜೆನ್ನಾ ಅವನ ಹಿರಿಮಗ ಜೇಮಿಗೆ ಹೇಳುವುದು ನೆನಪು ಮಾಡಿಕೋ: ಟೈವಿನ್ ಮಗ ಅಂದರೆ ಟಿರಿಯನ್, ನೀನಲ್ಲ. ಒಮ್ಮೆ ಇದನ್ನೇ ಅಣ್ಣನ ಮುಖಕ್ಕೆ ಹೇಳಿದ್ದಕ್ಕೆ ಆರು ತಿಂಗಳು ಮಾತು ಬಿಟ್ಟನಂತೆ. ತನ್ನದೇ ಬುದ್ಧಿ ಹೊತ್ತು ಹುಟ್ಟಿದ ಮಗನನ್ನು ದ್ವೇಷಿಸಿದ ಅಪ್ಪ, ಅವನನ್ನೇ ಕೊಂದ ಮಗ. ರಕ್ತ ಬೇರೆ ಅಂದುಬಿಟ್ಟರೆ ಅಷ್ಟು ದೊಡ್ಡ ಸಂಕಟ ನೀರಾಗಿ ಹರಿದು ಹೋಗುತ್ತದೆ. ಸುಳಿವು ಇದ್ದರೂ ಕಥೆಯನ್ನು ಸಣ್ಣದು ಮಾಡುವ ಥಿಯರಿ ನನಗೆ ಬೇಡ. ಇಲ್ಲಿ ನಾನು ಮೌಲ್ಯಮಾಪಕಿಯಲ್ಲ, ಬರೀ ಓದುವವಳು, ಹಟ ಮಾಡುತ್ತೇನೆ.

ಐದನೆಯದರಲ್ಲಿ ದಿಢೀರ್ ಅಂತ ಬಂದ ಆ ಏಗನ್ ಹುಡುಗ ನಿಜವಾದ ಟಾರ್ಗೇರಿಯನ್ ರಾಜಮನೆತನದ ರಾಜಕುಮಾರನೋ ನಕಲಿಯೋ ಅಂತ ಮಾತ್ರ ನಿನಗೆ ಅನುಮಾನವೇ ಬಂದಿಲ್ಲ ಅಂದೆ. ನಾಲ್ಕರಲ್ಲಿ ಬ್ರಿಯೆನ್ ಹೋಗುವ ದಾರಿಯ ಛತ್ರದ ಕಥೆ ತೆಗೆದು ಓದು. ಆ ರಾಜಮನೆತನದ ವಿರುದ್ಧ ದಂಗೆ ಎದ್ದ ಬ್ಲ್ಯಾಕ್‌ಫೈರ್‌ಗಳ ಲಾಂಛನ ಕಪ್ಪು ಡ್ರಾಗನ್ ಅನ್ನುವ ಕಾರಣಕ್ಕೆ, ಆ ಛತ್ರದ ಮುಂದಿದ್ದ ಕಪ್ಪು ಕಬ್ಬಿಣದ ಡ್ರಾಗನ್ ಫಲಕವನ್ನು ಆ ಸೀಮೆಯ ಒಡೆಯ ಕಡಿದು ಹೊಳೆಗೆ ಎಸೆಯುತ್ತಾನೆ. ಎಷ್ಟೋ ವರ್ಷದ ಮೇಲೆ ಅದರ ಒಂದು ತಲೆ ದಡಕ್ಕೆ ಬರುತ್ತದೆ, ತುಕ್ಕು ಹಿಡಿದು ಕೆಂಪಾಗಿ. ಟಾರ್ಗೇರಿಯನ್‌ಗಳ ಡ್ರಾಗನ್ ಬಣ್ಣ ಯಾವುದು? ನಾನಿಲ್ಲಿ ಏನೂ ಹೇಳಲ್ಲ, ಆ ಹುಡುಗನ ಜೊತೆಗೆ ಬಂದ ಬಾಡಿಗೆ ಸೈನ್ಯ ಕಟ್ಟಿದವರು ಯಾರು ಅಂತಲೂ ನೀನೇ ನೋಡು.

ಜಾನ್‌ಗೆ ಬಂದ ಗುಲಾಬಿ ಅರಗಿನ ಪತ್ರ ಯಾರು ಬರೆದದ್ದು ಅನ್ನುವುದರಲ್ಲಿ ನನಗೇ ಇನ್ನೂ ತೀರ್ಮಾನವಿಲ್ಲ. ಕೆಳಗೆ ರೂಸ್ ಬೋಲ್ಟನ್ ಮಗ ರಾಮ್ಸೆ ಸಹಿ ಇದೆ. ಆದರೆ ತನ್ನ ಸೆರೆಯಾಳು ಥಿಯಾನ್‌ನ ಅಕ್ಕ ಆಶಾಳಿಗೆ ಕಳಿಸಿದ ಕಾಗದದಲ್ಲಿ ಅವನು ಮನುಷ್ಯರ ಚರ್ಮದ ತುಂಡು ಇಟ್ಟಿದ್ದ, ಇದರಲ್ಲಿ ಅದಿಲ್ಲ. ಸ್ಟಾನಿಸ್ ಸತ್ತ ಅಂತ ಬರೆದಿದೆ. ಆರನೇ ಪುಸ್ತಕದಿಂದ ಮಾರ್ಟಿನ್ ಮೊದಲೇ ಹೊರಗೆ ಬಿಟ್ಟ ಥಿಯಾನ್ ಅಧ್ಯಾಯದಲ್ಲಿ ಸ್ಟಾನಿಸ್ಸೇ ತನ್ನವನಿಗೆ ಹೇಳುತ್ತಾನೆ, ನಾನು ಸತ್ತೆ ಅಂತ ಸುದ್ದಿ ಬಂದೀತು, ನಿಜವೂ ಇದ್ದೀತು, ನಿನ್ನ ಕೆಲಸ ನೀನು ಮಾಡು ಅಂತ. ನನಗೆ ಕಾಡುಜನರ ರಾಜ ಮ್ಯಾನ್ಸ್ ಮೇಲೆ ಗುಮಾನಿ, ನಿಮ್ಮಪ್ಪ ಸ್ಟಾನಿಸ್ ಅನ್ನುತ್ತಾರೆ, ಪುಸ್ತಕ ಓದದೆಯೇ. ನೀನು ಯಾರು ಅನ್ನುತ್ತೀಯೋ ಪುಟ ಸಂಖ್ಯೆ ಸಮೇತ ಬರೆದು ಕಳಿಸು. ಹಾಸ್ಟೆಲ್‌ನವರು ಅಡ್ವಾನ್ಸ್ ಕೇಳಿದ್ದಾರೆ ಅಂದಿದ್ದೆ, ದುಡ್ಡು ಸೋಮವಾರ ಹಾಕುತ್ತೇನೆ.

ನಿನ್ನ,
ಅಮ್ಮ