‘ನೋಡ್ಕೊಂಡು ಕೊಡಿ’ ಅನ್ನಬೇಡಣ್ಣ

ಟೂಟಿಂಗ್, ಲಂಡನ್
9 ನವೆಂಬರ್ 2025

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಪ್ಪ, ಅವ್ವ, ಅತ್ತಿಗೆ, ಪುಟ್ಟಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ದಿನಾ ವಾಟ್ಸಾಪ್‌ನಲ್ಲಿ ಮುಖ ನೋಡುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ದೀಪಾವಳಿ ದಿನ ನೀನು "ಹೊಸ ವರ್ಷಕ್ಕೆ ನಮ್ಮ ಕಾರು ತಗೊಂಡು ಬೆಂಗಳೂರಿಗೆ ಹೋಗ್ತೀನಿ, ಟ್ಯಾಕ್ಸಿ ಆ್ಯಪ್‌ಗೆ ಅಟ್ಯಾಚ್ ಮಾಡಿಸ್ತೀನಿ" ಅಂದೆಯಲ್ಲ, ಅವತ್ತಿನಿಂದ ಈ ಮಾತು ತಲೆಯಲ್ಲೇ ಇದೆ. ಫೋನಿನಲ್ಲಿ ಹೇಳೋಣವೆಂದರೆ ಒಂದೋ ನನಗೆ ಡ್ಯೂಟಿಗೆ ಹೊತ್ತಾಗುತ್ತದೆ, ಇಲ್ಲವೇ ಪುಟ್ಟಿ ಫೋನು ಕಿತ್ತುಕೊಳ್ಳುತ್ತಾಳೆ. ಅದಕ್ಕೇ ಬರೆಯಲು ಕೂತೆ. ಅಪ್ಪನಿಗೂ ಓದಿ ಹೇಳು.

ಹಾಸನಾಂಬೆ ಬಾಗಿಲು ತೆಗೆದಿದ್ದ ಎರಡು ವಾರ ಬಿಟ್ಟರೆ ಈ ವರ್ಷ ಬಾಡಿಗೆಯೇ ಇಲ್ಲ, ರೈಲಿಳಿದವರು ಸ್ಟ್ಯಾಂಡಿನ ಕಡೆ ತಿರುಗಿಯೂ ನೋಡದೆ ಫೋನ್ ತೆಗೆಯುತ್ತಾರೆ ಎಂದು ನೀನು ಹೇಳಿದೆ. ನಿಜ ಹೇಳಬೇಕೆಂದರೆ ಇಲ್ಲಿ ನಾನೂ ಹಾಗೇ ಫೋನ್ ತೆಗೆಯುತ್ತೇನೆ. ಯಾಕೆ ತೆಗೆಯುತ್ತೇನೆ ಅನ್ನುವುದನ್ನು ಟ್ಯಾಕ್ಸಿಯವನ ಮಗಳಾಗಿ, ಟ್ಯಾಕ್ಸಿಯವನ ತಂಗಿಯಾಗಿ ನಾನೇ ನಿನಗೆ ಹೇಳಬೇಕು.

ಬಂದ ಹೊಸದರಲ್ಲಿ ಒಂದು ರಾತ್ರಿ ವಾರ್ಡಿನ ಕೆಲಸ ಮುಗಿದಾಗ ಹತ್ತೂವರೆಯಾಗಿತ್ತು. ಊರು ಗೊತ್ತಿಲ್ಲ, ಇವರಾಡುವ ಇಂಗ್ಲಿಷ್ ಕಿವಿಗೆ ಹತ್ತುವುದಿಲ್ಲ, ಚಳಿಯಲ್ಲಿ ಬೆರಳು ಸೆಟೆದುಕೊಂಡಿವೆ. ಜೊತೆಯ ನರ್ಸ್ ಒಬ್ಬಳು ಆ್ಯಪ್ ಹಾಕಿಕೊಟ್ಟಳು. ಎಲ್ಲಿಗೆ ಎಂದು ಒತ್ತಿದ ಕೂಡಲೇ ಹದಿನಾಲ್ಕು ಪೌಂಡ್ ಎಂದು ತೋರಿಸಿತು. ಡ್ರೈವರ್ ಹೆಸರು, ಫೋಟೊ, ಗಾಡಿ ನಂಬರ್, ಇನ್ನು ನಾಲ್ಕು ನಿಮಿಷ. ಕಾರು ಎಲ್ಲೆಲ್ಲಿ ಹೋಗುತ್ತಿದೆ ಎಂದು ಅವಳು ತನ್ನ ಫೋನಿನಲ್ಲೇ ನೋಡುತ್ತಿದ್ದಳು. ಮನೆ ಮುಂದೆ ಇಳಿದಾಗ ಅದೇ ಹದಿನಾಲ್ಕು. ಯಾರನ್ನೂ ಏನೂ ಕೇಳಬೇಕಾಗಲಿಲ್ಲ. ಆ ರಾತ್ರಿ ನನಗಾದ ನೆಮ್ಮದಿಯನ್ನು ನಿನಗೆ ಹೇಗೆ ತಿಳಿಸಲಿ? ಒಂಟಿ ಹೆಂಗಸು, ರಾತ್ರಿ, ಅಪರಿಚಿತ ಊರು. ದರ ಮೊದಲೇ ಗೊತ್ತಿರುವುದು ಬರೀ ದುಡ್ಡಿನ ಮಾತಲ್ಲ ಅಣ್ಣ, ಅದೊಂದು ಧೈರ್ಯ.

ಆಗ ನಮ್ಮ ಸ್ಟ್ಯಾಂಡು ನೆನಪಾಯಿತು. "ಎಷ್ಟಾಗುತ್ತಣ್ಣಾ?" ಎಂದು ಕೇಳಿದರೆ ನಮ್ಮವರ ಉತ್ತರ ಒಂದೇ: "ನೋಡ್ಕೊಂಡು ಕೊಡಿ." ಅಪ್ಪ ಅಂಬಾಸಡರ್ ಓಡಿಸುತ್ತಿದ್ದ ಕಾಲದಲ್ಲಿ ಅದು ಮರ್ಯಾದೆಯ ಮಾತಾಗಿತ್ತು. ಹತ್ತುವವರೆಲ್ಲ ಗುರುತಿನವರು. ಯಾರಿಗೆ ಎಷ್ಟು ಕೈಲಾಗುತ್ತದೆ ಎಂದು ಅಪ್ಪನಿಗೆ ಗೊತ್ತಿತ್ತು, ಅಪ್ಪ ಎಷ್ಟು ನಿರೀಕ್ಷಿಸುತ್ತಾನೆ ಎಂದು ಅವರಿಗೂ ಗೊತ್ತಿತ್ತು. ಆದರೆ ದಾವಣಗೆರೆಯಿಂದಲೋ ಪುಣೆಯಿಂದಲೋ ಬಂದವರಿಗೆ ಅದೇ ಮಾತು ಹೆದರಿಕೆ ಹುಟ್ಟಿಸುತ್ತದೆ. ಎಷ್ಟು ಕೊಟ್ಟರೆ ಜಗಳ, ಎಷ್ಟು ಕೊಟ್ಟರೆ ಮೋಸ ಹೋದ ಹಾಗೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಕೂರುತ್ತಾರೆ.

ಬೇಲೂರಿನಲ್ಲಿ ಆದದ್ದು ನೆನಪಿದೆಯಾ? ನಾನು ವೀಸಾಕ್ಕೆ ಕಾಯುತ್ತಿದ್ದಾಗ ಒಂದು ದಿನ ನಿನ್ನ ಜೊತೆ ಬಂದಿದ್ದೆ. ಆ ಪಾರ್ಟಿಯವರು ಗಂಡ ಹೆಂಡತಿ, ವಯಸ್ಸಾದ ತಾಯಿ. ಸಂಜೆ ನೀನು ವೇಯ್ಟಿಂಗ್ ಎಂದು ನಾನೂರು ರೂಪಾಯಿ ಜಾಸ್ತಿ ಕೇಳಿದೆ. ಬೆಳಿಗ್ಗೆ ಹೇಳಿರಲಿಲ್ಲ. ನೀನು ಕೇಳಿದ್ದು ನ್ಯಾಯವೇ, ಮೂರು ಗಂಟೆ ಬಿಸಿಲಲ್ಲಿ ಕಾದಿದ್ದೆ. ಅವತ್ತು ನಾನೂ ನಿನ್ನ ಪರವಾಗಿ ಮಾತಾಡಿದೆ. ಆದರೆ ಆ ತಾಯಿ ಕೈಚೀಲದಿಂದ ನೋಟು ಎಣಿಸಿ ಕೊಟ್ಟು ಮುಖ ತಿರುಗಿಸಿದರಲ್ಲ, ಈಗ ನಾನೇ ಗಿರಾಕಿಯಾಗಿ ಕೂತ ಮೇಲೆ ಆ ಮುಖ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತದೆ. ಬೆಳಿಗ್ಗೆಯೇ ಹೇಳಿದ್ದರೆ ಅವರು ಕೊಡುತ್ತಿದ್ದರು, ಮುಂದಿನ ಸಲ ನಿನ್ನನ್ನೇ ಕರೆಯುತ್ತಿದ್ದರು.

ಹಾಗೆಂದು ಆ್ಯಪ್ ದೇವರಲ್ಲ. ಈ ಸೆಪ್ಟೆಂಬರಿನಲ್ಲಿ ಇಲ್ಲಿ ಟ್ಯೂಬ್ ರೈಲಿನವರು ಮುಷ್ಕರ ಹೂಡಿದರು. ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ, ಮೇಲೆ ಮಳೆ. ಹದಿನಾಲ್ಕು ಪೌಂಡಿನ ದಾರಿಗೆ ಅವತ್ತು ಮೂವತ್ತೇಳು ತೋರಿಸಿತು. ಜನ ಜಾಸ್ತಿಯಾದಂತೆ ದರ ತಾನಾಗಿ ಏರುತ್ತದೆ. ಹಾಳಾಗಲಿ ಎಂದು ಒತ್ತಿದರೆ ಒಬ್ಬ ಒಪ್ಪಿಕೊಂಡು ಕ್ಯಾನ್ಸಲ್ ಮಾಡಿದ, ಹನ್ನೆರಡು ನಿಮಿಷ ಕಾಯಿಸಿ ಇನ್ನೊಬ್ಬನೂ ಕ್ಯಾನ್ಸಲ್ ಮಾಡಿದ. ಯಾರನ್ನು ಕೇಳಲಿ? ಫೋನಿನೊಳಗೆ ಮನುಷ್ಯರೇ ಇರಲಿಲ್ಲ. ಬರೆದರೆ ಅದೇ ನಾಲ್ಕು ಸಾಲಿನ ಸಿದ್ಧ ಉತ್ತರ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದ ಕಾಲುಗಳು. ಅಳು ಬಂತು.

ಅಷ್ಟರಲ್ಲಿ ನೆತ್ತಿಯ ಮೇಲೆ ಕಿತ್ತಳೆ ದೀಪ ಉರಿಯುತ್ತಿದ್ದ ಕಪ್ಪು ಟ್ಯಾಕ್ಸಿ ಬಂತು. ಕೈ ತೋರಿಸಿದೆ, ನಿಲ್ಲಿಸಿದ. ಹೀಗೆ ಬೀದಿಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿಕೊಳ್ಳುವ ಹಕ್ಕು ಇಲ್ಲಿ ಕಪ್ಪು ಟ್ಯಾಕ್ಸಿಯವರಿಗೆ ಮಾತ್ರ. ಆ್ಯಪ್ ಕಾರಿನವರು ಮೊದಲೇ ಬುಕ್ ಆದವರನ್ನಷ್ಟೇ ಕರೆದೊಯ್ಯಬೇಕು. ಟೂಟಿಂಗ್ ಎಂದೆ. "ಬೆಕ್ ಕಡೆಯೋ, ಬ್ರಾಡ್‌ವೇ ಕಡೆಯೋ?" ಎಂದು ಕೇಳಿದ. ಅಷ್ಟೇ ಅಣ್ಣ, ಆ ಒಂದು ಪ್ರಶ್ನೆಗೆ ನನ್ನ ಜೀವ ಹಗುರವಾಯಿತು. "ಆಲೂರಿಗಾ? ಊರೊಳಗೋ, ಸ್ಟೇಷನ್ ಹತ್ರಾನೋ?" ಎಂದು ಅಪ್ಪ ಕೇಳುತ್ತಿದ್ದ ಹಾಗೇ ಇತ್ತು. ಮ್ಯಾಪ್ ಹಾಕಲಿಲ್ಲ. ಕ್ಲಾಪಮ್ ಕಡೆ ಗಾಡಿಗಳು ನಿಂತುಬಿಟ್ಟಿವೆ ಎಂದು ಬ್ಯಾಟರ್ಸೀ ಮೇಲೆ ಹಾಯಿಸಿ, ನಾನು ಕಂಡೇ ಇರದ ಬೀದಿಗಳಲ್ಲಿ ನುಗ್ಗಿಸಿ ಮನೆ ಸೇರಿಸಿದ.

ಅರವತ್ತು ದಾಟಿದ ಮನುಷ್ಯ. ಮಾತಿಗೆ ಸಿಕ್ಕಿದ. ಇವರಿಗೆ ಲೈಸೆನ್ಸ್ ಸಿಗಬೇಕಾದರೆ ಒಂದು ಪರೀಕ್ಷೆ ಇದೆ, ಅದಕ್ಕೆ ‘ನಾಲೆಜ್’ ಎಂದೇ ಹೆಸರು. 1865ರಿಂದ ನಡೆದುಕೊಂಡು ಬಂದಿದೆ. ಚೇರಿಂಗ್ ಕ್ರಾಸ್ ಎಂಬ ಜಾಗದಿಂದ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ಬೀದಿ ಬಾಯಿಪಾಠವಾಗಬೇಕು. ಪುಸ್ತಕದಲ್ಲಿ 320 ದಾರಿಗಳಿವೆ. ಎದುರು ಕೂತ ಪರೀಕ್ಷಕರು ಎರಡು ಜಾಗ ಹೇಳಿದರೆ, ಒಂದರಿಂದ ಇನ್ನೊಂದಕ್ಕೆ ಹೋಗುವ ಪ್ರತಿ ಬೀದಿ, ಪ್ರತಿ ತಿರುವನ್ನು ಕಣ್ಣು ಮುಚ್ಚಿ ಹೇಳಬೇಕು. ಈತ ನಾಲ್ಕು ವರ್ಷ ಮಳೆ ಚಳಿ ಎನ್ನದೆ ಮೊಪೆಡ್‌ನಲ್ಲಿ ಸುತ್ತಿ ಕಲಿತನಂತೆ. ಮೊದಲ ಪಾಠ ಮ್ಯಾನರ್ ಹೌಸ್ ಸ್ಟೇಷನ್‌ನಿಂದ ಗಿಬ್ಸನ್ ಸ್ಕ್ವೇರ್‌ಗೆ. ಮಗ್ಗಿ ಒಪ್ಪಿಸಿದ ಹಾಗೆ ನನಗೆ ಒಪ್ಪಿಸಿಯೇ ಬಿಟ್ಟ.

ಇದನ್ನು ಆಸ್ಪತ್ರೆಯಲ್ಲಿ ಹೇಳಿದಾಗ ನಮ್ಮ ಡಾಕ್ಟರ್ ಒಬ್ಬರು ಇನ್ನೊಂದು ವಿಷಯ ತಿಳಿಸಿದರು. 2000ರಲ್ಲಿ ಇಲ್ಲಿನ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಎಲಿನೋರ್ ಮಗ್ವಾಯರ್ ಎಂಬ ವಿಜ್ಞಾನಿ ಈ ಟ್ಯಾಕ್ಸಿಯವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದರಂತೆ. ದಾರಿಯ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಬೇರೆಯವರಿಗಿಂತ ಇವರಲ್ಲಿ ದೊಡ್ಡದಿತ್ತು. ಅಪ್ಪನಿಗೆ ಇದನ್ನು ಒತ್ತಿ ಓದಿ ಹೇಳು. ಬಿಸಿಲೆ ಘಾಟಿಯಲ್ಲಿ ಯಾವ ತಿರುವಿನ ಹಿಂದೆ ಮಣ್ಣು ಜಾರುತ್ತದೆ, ಯಾವ ಊರಿನ ಯಾವ ಮನೆಯಲ್ಲಿ ರೇಡಿಯೇಟರಿಗೆ ನೀರು ಕೊಡುತ್ತಾರೆ ಎಂದು ಈಗಲೂ ಹೇಳುತ್ತಾರಲ್ಲ, ಅಂಥವರ ತಲೆಯನ್ನು ಯಾರೂ ಸ್ಕ್ಯಾನ್ ಮಾಡಲಿಲ್ಲ.

ಅವತ್ತು ಮೀಟರ್ ಮೂವತ್ತೊಂದು ಪೌಂಡ್ ತೋರಿಸಿತು. ದುಬಾರಿಯೇ. ಎರಡು ವರ್ಷದಲ್ಲಿ ನಾನು ಕಪ್ಪು ಟ್ಯಾಕ್ಸಿ ಹತ್ತಿದ್ದು ನಾಲ್ಕೇ ಸಲ, ದಿನಾ ಹತ್ತಲು ನನ್ನ ಸಂಬಳ ಸಾಲದು. ಆದರೆ ಮುಷ್ಕರವೆಂದು ಆ ಮೀಟರ್ ಏರಲಿಲ್ಲ. ಅದರ ದರವನ್ನು ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಎಂಬ ಸರ್ಕಾರಿ ಸಂಸ್ಥೆಯೇ ಕಟ್ಟುತ್ತದೆ. ಹಗಲಿಗೊಂದು, ರಾತ್ರಿಗೊಂದು ದರ ಇದೆ, ಮಳೆಗೊಂದು ದರ ಇಲ್ಲ.

ಇನ್ನೊಂದು ಸಂಗತಿ. ಹೋದ ಚಳಿಗಾಲ ನಮ್ಮ ವಾರ್ಡಿನಿಂದ ಒಬ್ಬ ಅಜ್ಜಿಯನ್ನು ಡಿಸ್ಚಾರ್ಜ್ ಮಾಡಿದೆವು. ವೀಲ್‌ಚೇರ್ ಬಿಟ್ಟು ಏಳಲಾರರು. ಮೊಮ್ಮಗ ಆ್ಯಪ್‌ನಲ್ಲಿ ಕರೆಸಿದ ಕಾರು ಬಂದು, ಚೇರ್ ನೋಡಿ, ಹಿಡಿಸಲ್ಲ ಎಂದು ಹೊರಟುಹೋಯಿತು. ಅಜ್ಜಿ ಬಾಗಿಲಲ್ಲೇ ಕಂಬಳಿ ಹೊದ್ದು ಕೂತಿದ್ದರು. ಕೊನೆಗೆ ಕಪ್ಪು ಟ್ಯಾಕ್ಸಿ ಕರೆಸಿದೆ. ಡ್ರೈವರ್ ಇಳಿದು ಇಳಿಜಾರು ಹಲಗೆ ಎಳೆದು, ಚೇರ್ ಸಮೇತ ಒಳಗೆ ತಳ್ಳಿ ಬೆಲ್ಟ್ ಬಿಗಿದ. ಲಂಡನ್ನಿನ ಕಪ್ಪು ಟ್ಯಾಕ್ಸಿ ಪ್ರತಿಯೊಂದರಲ್ಲೂ ವೀಲ್‌ಚೇರ್‌ಗೆ ಜಾಗ ಇರಲೇಬೇಕೆಂಬ ಕಾನೂನಿದೆ.

ಅದನ್ನು ನೋಡುತ್ತಾ ನಿಂತಾಗ ನನಗೆ ಕಂಡವರು ಕುವೆಂಪು ನಗರದ ನಮ್ಮ ಮೇಷ್ಟ್ರು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ನೀನೇ ಕರೆದೊಯ್ಯುತ್ತೀಯ. ಕಾರನ್ನು ಮೆಟ್ಟಿಲವರೆಗೂ ರಿವರ್ಸ್ ತರುತ್ತೀಯ. ನಾಲ್ಕು ಗಂಟೆ ಹೊರಗೆ ಕಾಯುತ್ತೀಯ. ವಾಪಸ್ ಬರುವಾಗ ಅವರಿಗೆ ಬಿ.ಪಿ. ಇಳಿದಿರುತ್ತದೆ ಎಂದು ಹಂಪ್‌ಗಳಲ್ಲಿ ಮಗುವನ್ನು ಎತ್ತಿಕೊಂಡ ಹಾಗೆ ನಿಧಾನಕ್ಕೆ ಇಳಿಸುತ್ತೀಯ. ಇದನ್ನು ನಿನಗೆ ಯಾರೂ ಕಲಿಸಲಿಲ್ಲ. ನಾನು ನರ್ಸ್, ಹೇಳುತ್ತೇನೆ ಕೇಳು, ಅದು ದೊಡ್ಡ ಕೆಲಸ. ನೀನು ಬೆಂಗಳೂರಿಗೆ ಹೋದರೆ ಆ ಮೆಟ್ಟಿಲಿಗೆ ಯಾವ ಕಾರು ಬರುತ್ತದೆ?

ಬೆಂಗಳೂರಿನ ಲೆಕ್ಕವನ್ನೂ ಕೂತು ಹಾಕಿ ನೋಡು. 2024ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಆ್ಯಪ್ ಕಾರಿಗೂ ಸ್ಟ್ಯಾಂಡಿನ ಟ್ಯಾಕ್ಸಿಗೂ ಒಂದೇ ದರ ಕಟ್ಟಿತಲ್ಲ: ಹತ್ತು ಲಕ್ಷದೊಳಗಿನ ಗಾಡಿಗೆ ಮೊದಲ ನಾಲ್ಕು ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. ಅದರಲ್ಲಿ ಕಮಿಷನ್ ಕಳೆ, ಟ್ರಾಫಿಕ್‌ನಲ್ಲಿ ನಿಂತು ಉರಿಯುವ ಡೀಸೆಲ್ ಕಳೆ, ರೂಮಿನ ಬಾಡಿಗೆ, ಹೋಟೆಲ್ ಊಟ, ಕಾರಿನ ಕಂತು ಕಳೆ. ಪುಟ್ಟಿಯನ್ನು ವಾರಕ್ಕೊಮ್ಮೆ ನೋಡುವುದನ್ನು ಯಾವ ಲೆಕ್ಕದಲ್ಲಿ ಕಳೆಯುತ್ತೀಯೋ ನನಗೆ ತಿಳಿಯದು. ಇಲ್ಲಿ ನನ್ನನ್ನು ಕರೆತಂದ ಆ್ಯಪ್ ಡ್ರೈವರ್ ಒಬ್ಬರು, ಪಂಜಾಬಿನವರು, ದಿನಕ್ಕೆ ಹನ್ನೆರಡು ಗಂಟೆ ಓಡಿಸಿದರೂ ಕೈಗೆ ಹತ್ತುವುದಿಲ್ಲ ಎಂದರು. ಅದೂ ಊಬರ್ ಡ್ರೈವರ್‌ಗಳನ್ನು ಕೆಲಸಗಾರರೆಂದೇ ಪರಿಗಣಿಸಬೇಕು, ಅವರಿಗೆ ಕನಿಷ್ಠ ಕೂಲಿ, ಸಂಬಳ ಸಹಿತ ರಜೆಯ ಹಕ್ಕಿದೆ ಎಂದು 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿದ ದೇಶದಲ್ಲಿ.

ಆ್ಯಪ್ ಬೇಡವೇ ಬೇಡ ಎನ್ನುತ್ತಿಲ್ಲ. ಬೆಂಗಳೂರಿನ ಆಟೋದವರು 2022ರಲ್ಲಿ ‘ನಮ್ಮ ಯಾತ್ರಿ’ ಶುರುವಾದಾಗ ಸೇರಿಕೊಂಡದ್ದು ಅದರಲ್ಲಿ ಕಮಿಷನ್ ಇಲ್ಲವೆಂದೇ. ಗಿರಾಕಿ ಕೊಟ್ಟದ್ದು ಆಗ ಪೂರ್ತಿ ಡ್ರೈವರಿಗೇ ಹೋಗುತ್ತಿತ್ತು. ಅಂಥದ್ದು ನಮ್ಮೂರಿಗೆ ಬಂದರೆ ನೀನೇ ಮೊದಲು ಸೇರು. ಇಲ್ಲಿ ಕಪ್ಪು ಟ್ಯಾಕ್ಸಿಯವರೂ ಈಗ ಫೋನಿನಲ್ಲಿ ಬುಕಿಂಗ್ ತೆಗೆದುಕೊಳ್ಳುತ್ತಾರೆ, 2016ರಿಂದ ಕಾರ್ಡ್ ತೆಗೆದುಕೊಳ್ಳುವುದು ಅವರಿಗೆ ಕಡ್ಡಾಯ. ದಾರಿಯ ವಿದ್ಯೆ ಇಟ್ಟುಕೊಂಡೇ ಕಾಲಕ್ಕೆ ಬಗ್ಗಿದ್ದಾರೆ.

ಸದ್ಯಕ್ಕೆ ನೀನು ಇಷ್ಟು ಮಾಡು. ಹಾಸನದಿಂದ ಬೇಲೂರು, ಹಳೇಬೀಡು ಸುತ್ತಿ ವಾಪಸ್ ಎಂದರೆ ಎಷ್ಟು, ಶ್ರವಣಬೆಳಗೊಳ ಸೇರಿಸಿದರೆ ಎಷ್ಟು, ಸಕಲೇಶಪುರ, ಮಂಜರಾಬಾದ್ ಕೋಟೆಗೆ ಎಷ್ಟು, ಕಾಯುವುದಕ್ಕೆ ಗಂಟೆಗೆ ಎಷ್ಟು, ರಾತ್ರಿ ಆದರೆ ಬಾಟಾ ಎಷ್ಟು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಫೋಟೊ ಕಳಿಸು. ನಾನು ಕನ್ನಡ, ಇಂಗ್ಲಿಷ್, ಹಿಂದಿಯಲ್ಲಿ ಅಚ್ಚುಕಟ್ಟಾಗಿ ಕಾರ್ಡ್ ಮಾಡಿ ಕಳಿಸುತ್ತೇನೆ. ಅದು ಮುಂದಿನ ಸೀಟಿನ ಬೆನ್ನಿಗೆ ತೂಗಲಿ. ಯಾರೇ ಫೋನ್ ಮಾಡಿದರೂ ಮೊದಲು ಆ ಕಾರ್ಡು, ನಿನ್ನ ಫೋಟೊ, ಗಾಡಿ ನಂಬರ್ ವಾಟ್ಸಾಪ್ ಮಾಡು. ಹೆಂಗಸರು ರಾತ್ರಿ ರೈಲಿಗೆ ಬರುವವರಿದ್ದರೆ ಲೈವ್ ಲೊಕೇಷನ್ ಮನೆಯವರಿಗೆ ಕಳಿಸಿ ಎಂದು ನೀನೇ ಹೇಳು. ಹೇಳಿದ್ದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳಬೇಡ, ಗುರುತಿಲ್ಲದವರಿಗೆ ‘ನೋಡ್ಕೊಂಡು ಕೊಡಿ’ ಅನ್ನಬೇಡ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿವೆ. ನೋಡಲು ಬಂದವರಿಗೆ ಒಂದು ಕಡೆ ಇಳಿಸಿ ಹೋಗುವ ಕಾರು ಸಾಲದು. ಮದನಿಕೆಯರನ್ನು ನೋಡಿ ಮುಗಿಯುವವರೆಗೆ ಕಾಯುವವನು ಬೇಕು, ಎಲ್ಲಿ ಊಟ ಚೆನ್ನಾಗಿದೆ ಎಂದು ಹೇಳುವವನು ಬೇಕು. ಬಿಸಿಲೆ ಕಡೆ ಇಳಿಸಿ ಹೋದರೆ ವಾಪಸ್ ಬರಲು ಇನ್ನೊಂದು ಕಾರು ಕರೆಸಲು ಸಿಗ್ನಲ್ ಎಲ್ಲಿದೆ?

ಡಿಸೆಂಬರ್, ಜನವರಿ, ಫೆಬ್ರುವರಿ, ಮೂರು ತಿಂಗಳ ಕಂತು ನಾನು ಕಳಿಸುತ್ತೇನೆ. ಬೇಡ ಅನ್ನಬೇಡ. ನನ್ನ ನರ್ಸಿಂಗ್ ಫೀಸು ಇದೇ ಕಾರಿನ ಬಾಡಿಗೆಯಲ್ಲಿ ಕಟ್ಟಿದ್ದು, ನಾನು ಮರೆತಿಲ್ಲ. ಕಾರ್ಡ್ ತೂಗುಹಾಕಿ ಮಾರ್ಚ್‌ವರೆಗೆ ನೋಡು. ಆಗಲೂ ಬಾಡಿಗೆ ಬರದಿದ್ದರೆ ಬೆಂಗಳೂರಿನ ಮಾತು ಮತ್ತೆ ಆಡೋಣ, ನಾನು ಅಡ್ಡ ಬರುವುದಿಲ್ಲ.

ಮಾರ್ಚ್‌ನಲ್ಲಿ ರಜೆ ಸಿಕ್ಕಿದೆ. ರಾತ್ರಿ ರೈಲಿಗೇ ಬರುತ್ತೇನೆ, ಸ್ಟೇಷನ್‌ಗೆ ಬಾ. ಅತ್ತಿಗೆಗೆ ಮೊಣಕಾಲಿನ ಮಾತ್ರೆ ಊಟವಾದ ಮೇಲೇ ತೆಗೆದುಕೊಳ್ಳಲು ಹೇಳು. ಪುಟ್ಟಿಗೆ ಇಲ್ಲಿನ ಕಪ್ಪು ಟ್ಯಾಕ್ಸಿಯ ಆಟದ ಕಾರು ತೆಗೆದಿಟ್ಟಿದ್ದೇನೆ. ಅಪ್ಪ, ಅವ್ವನಿಗೆ ನನ್ನ ನಮಸ್ಕಾರ ತಿಳಿಸು. ಮೇಷ್ಟ್ರಿಗೂ.

ಇಂತಿ ನಿನ್ನ ಪ್ರೀತಿಯ ತಂಗಿ

ಮರೆತಿದ್ದೆ: ದರದ ಹಾಳೆ ಬರೆಯುವಾಗ ಮೇಷ್ಟ್ರ ಡಯಾಲಿಸಿಸ್‌ಗೆ ಎಷ್ಟೆಂದು ಅದರಲ್ಲಿ ಹಾಕಬೇಡ. ಅಪ್ಪನ ಕಾಲದ ಹಾಗೆ ಅವರು ನೋಡಿಕೊಂಡು ಕೊಡಲಿ.